ಮೂರರಲ್ಲಿ ಒಂದು ತಪ್ಪು

ಜನವರಿ 9

ಮಿಠಾಯಿ ಕಾರ್ಖಾನೆಯವರಿಗೆ,

ನಾನು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುವವಳು. ಒಗೆಯಲು ಬಂದ ಬಟ್ಟೆಗಳ ಜೇಬನ್ನು ಮೊದಲು ತಡಕಿ ನೋಡುವುದು ನಮ್ಮಲ್ಲಿ ರೂಢಿ. ಇಲ್ಲದಿದ್ದರೆ ಮರೆತು ಬಿಟ್ಟ ಒಂದೇ ಒಂದು ಪೆನ್ನು ಇಪ್ಪತ್ತು ಅಂಗಿಗಳ ಮಾನ ಕಳೆಯುತ್ತದೆ. ನನಗೆ ಹೆಚ್ಚಾಗಿ ಸಿಗುವುದು ಬಸ್ ಟಿಕೆಟ್, ಕಿತ್ತುಹೋದ ಗುಂಡಿ, ಆಮೇಲೆ ನಿಮ್ಮ ಮಿಠಾಯಿ ಕಾಗದ. ಅದರ ಒಳಮೈಯಲ್ಲಿ ‘ನಿಮಗೆ ಗೊತ್ತೇ?’ ಎಂದು ಅಚ್ಚು ಹಾಕಿಸುತ್ತೀರಲ್ಲ, ಆ ಸಾಲುಗಳನ್ನು ಅಣ್ಣನಿಗೆ ಓದಿ ಹೇಳಲೆಂದು ಮನೆಗೆ ಒಯ್ಯುತ್ತೇನೆ. ಅಣ್ಣ ಮೂವತ್ತೊಂದು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವನು.

ನಿನ್ನೆ ಒಂದು ಕೋಟಿನ ಜೇಬಿನಲ್ಲಿ ಸಿಕ್ಕಿದ 614ನೆಯ ಕಾಗದದಲ್ಲಿ ಹೀಗಿದೆ: ‘ಸಹಾರಾ ಜಗತ್ತಿನಲ್ಲೇ ಅತ್ಯಂತ ದೊಡ್ಡ ಮರುಭೂಮಿ, ಮರಳು ಅದರ ಕಾಲುಭಾಗ ಮಾತ್ರ.’

ಇದು ತಪ್ಪು. ಅತ್ಯಂತ ದೊಡ್ಡ ಮರುಭೂಮಿ ಅಂಟಾರ್ಕ್ಟಿಕಾ. ಮಳೆಯೂ ಹಿಮವೂ ತೀರಾ ಕಡಿಮೆ ಬೀಳುವ ನೆಲವೆಲ್ಲ ಮರುಭೂಮಿಯೇ. ಅಲ್ಲಿ ಮರಳು ಇರಲೇಬೇಕೆಂದಿಲ್ಲ. ಇದು ನನ್ನ ಮಾತಲ್ಲ, ಮರುಭೂಮಿ ಕಟ್ಟಿಕೊಂಡು ನನಗೇನಾಗಬೇಕು? ಅಣ್ಣ ಹೇಳಿದ್ದು. ಮಕ್ಕಳು ಬಿಚ್ಚಿ ಓದುವ ಕಾಗದದ ಮೇಲೆ ಸ್ವಲ್ಪ ನೋಡಿಕೊಂಡು ಬರೆಯಿರಿ.

ಇದನ್ನು ಬರೆದವರು ಯಾರು, ಇಂಥ ತಪ್ಪು ಅವರಿಗೆ ಅಭ್ಯಾಸವೇ, ತಿಳಿಸಿ.

ಇಸ್ತ್ರಿಯವಳು


ಜನವರಿ 21

ಮಾನ್ಯರೇ,

ಬರೆದವನು ನಾನೇ. ಅಭ್ಯಾಸವಲ್ಲ.

ಹತ್ತೊಂಬತ್ತು ವರ್ಷಗಳಿಂದ ಈ ಕಾರ್ಖಾನೆಯ ಕಾಗದಗಳಿಗೆ ಸಾಲು ಬರೆಯುವುದು ನನ್ನ ಕೆಲಸ. ಈವರೆಗೆ ಒಂದೇ ಒಂದು ತಪ್ಪು ಹೊರಗೆ ಹೋಗಿರಲಿಲ್ಲ. ನಿಮ್ಮ ಪತ್ರ ಓದಿದ ಕೂಡಲೇ 614ರ ಕರಡು ತೆಗೆದು ನೋಡಿದೆ. ನಡೆದದ್ದು ಇಷ್ಟು: ನಮ್ಮ ಕಾಗದದ ಒಳಮೈಯಲ್ಲಿ ಒಂಬತ್ತು ಪದಗಳಿಗೆ ಮಾತ್ರ ಜಾಗ. ಹತ್ತನೆಯದು ಬಂದರೆ ಮಡಿಕೆಯೊಳಗೆ ಸಿಕ್ಕಿ ಮಿಠಾಯಿಗೆ ಅಂಟಿಕೊಳ್ಳುತ್ತದೆ. ನಾನು ಬರೆದದ್ದು ‘ಬಿಸಿ ಮರುಭೂಮಿ’ ಎಂದೇ. ಎಣಿಸಿದಾಗ ಹತ್ತಾಯಿತು. ‘ಬಿಸಿ’ಯನ್ನು ಹೊಡೆದುಹಾಕಿದೆ. ಊಟದ ಗಂಟೆ ಬಾರಿಸಿತ್ತು. ಹೊಡೆದ ಮೇಲೆ ಇನ್ನೊಮ್ಮೆ ಓದಲಿಲ್ಲ.

ಪ್ಯಾಕಿಂಗ್ ಹಾಲ್‌ನ ಹೆಂಗಸರು ನನ್ನನ್ನು ಕರೆಯುವುದೇ ‘ಒಂಬತ್ತು ಪದ’ ಎಂದು. ಈಗ ‘ಒಂಬತ್ತು ಪದ, ಒಂದು ತಪ್ಪು’ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ತಿದ್ದುಪಡಿಯ ಕಾಗದ ಹೊರಡಿಸುತ್ತೇನೆ. ನಿಮ್ಮ ಅಣ್ಣನವರಿಗೆ ನನ್ನ ವಂದನೆ ತಿಳಿಸಿ. ಇಷ್ಟು ವರ್ಷಗಳಲ್ಲಿ ನನ್ನ ಸಾಲನ್ನು ಗಮನವಿಟ್ಟು ಕೇಳಿದವರು ಒಬ್ಬರಿದ್ದಾರೆ ಎಂದು ತಿಳಿದು, ನಾಚಿಕೆಯ ನಡುವೆಯೂ ಸಂತೋಷವಾಯಿತು.

ಕಾಗದದ ಸಾಲು ಬರೆಯುವವನು


ಫೆಬ್ರವರಿ 3

ಒಂಬತ್ತು ಪದದವರಿಗೆ,

ತಿದ್ದುಪಡಿ ಹೊರಡಿಸಬೇಡಿ. ಮೊದಲ ಪತ್ರದಲ್ಲಿ ನಾನು ಅರ್ಧ ಮಾತು ಮಾತ್ರ ಬರೆದಿದ್ದೆ. ಉಳಿದರ್ಧ ಈಗ ಕೇಳಿ.

ಸೆಪ್ಟೆಂಬರಿನಲ್ಲಿ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಡಾಕ್ಟರು, “ಮಾತಾಡಿಸ್ತಾ ಇರಿ, ಬಂದ್ರೂ ಬರಬಹುದು” ಅಂದರು. ನಾನು ಮಾತಾಡಿಸಿಯೇ ಮಾತಾಡಿಸಿದೆ. ಲಾಂಡ್ರಿಯ ಯಜಮಾನನ ಜಿಪುಣತನ, ಮಹಡಿಯ ಮೇಲಿನವರ ಜಗಳ, ಎಲ್ಲ ಹೇಳಿದೆ. ಗೋಡೆಗೆ ಹೇಳಿದಂತಾಯಿತು. ನಿಮ್ಮ ಕಾಗದಗಳನ್ನು ದಿನಕ್ಕೆ ಎರಡು ಮೂರರಂತೆ ಓದಿದೆ. ಆನೆ, ನದಿ, ನಕ್ಷತ್ರ, ಯಾವುದಕ್ಕೂ ಹೂಂ ಇಲ್ಲ, ಉಹೂಂ ಇಲ್ಲ. ನಾಲ್ಕು ತಿಂಗಳು ಹಾಗೇ ಕಳೆಯಿತು.

ಜನವರಿ ಎಂಟರಂದು ಸಹಾರಾ ಓದಿದೆ. ಅಣ್ಣ ನನ್ನತ್ತ ಕತ್ತು ತಿರುಗಿಸಿದ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗರನ್ನು ನೋಡುತ್ತಿದ್ದನಲ್ಲ, ಅದೇ ಕಣ್ಣು. “ಅಂಟಾರ್ಕ್ಟಿಕಾ” ಅಂದ. ಒಂದೇ ಪದ. ಮಿಕ್ಕ ವಿವರಣೆಯೆಲ್ಲ ಅವನ ಪುಸ್ತಕ ನೋಡಿ ನಾನು ಬರೆದದ್ದು.

ಆಮೇಲೆ ಒಂದು ವಾರ ಪರೀಕ್ಷೆ ಮಾಡಿದೆ. ಸರಿಯಾದದ್ದು ಓದಿದರೆ ಮತ್ತೆ ಅದೇ ಮೌನ. ನಾನೇ ಸುಳ್ಳು ಕಟ್ಟಿ ಹೇಳಿದರೆ ಮುಖ ನೋಡಿಯೇ ಕಂಡುಹಿಡಿದು ಕಣ್ಣು ಮುಚ್ಚಿಬಿಡುತ್ತಾನೆ. ಚಿಕ್ಕಂದಿನಿಂದ ನನ್ನ ಸುಳ್ಳು ಅವನ ಬಳಿ ನಡೆದಿಲ್ಲ. ಬರೆದ ಕಾಗದದಲ್ಲಿ, ಗೊತ್ತಿದ್ದವರು ಬರೆದಂತಿರುವ ತಪ್ಪು ಬೇಕು. ತಪ್ಪಿಗೆ ಮಾತ್ರ ಅವನು ಮಾತಾಡುತ್ತಾನೆ. ಆದ್ದರಿಂದ ಕೈ ಮುಗಿದು ಕೇಳುತ್ತೇನೆ: ಇನ್ನಷ್ಟು ತಪ್ಪು ಮಾಡಿ.

ಇಸ್ತ್ರಿಯವಳು


ಫೆಬ್ರವರಿ 16

ಅಕ್ಕನವರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಚ್ಚಿನಲ್ಲಿ ತಪ್ಪು ಹಾಕಲಾರೆ, ಕ್ಷಮಿಸಿ. ಮಗುವೊಂದು ನನ್ನ ತಪ್ಪನ್ನು ಬಾಯಲ್ಲಿ ಮಿಠಾಯಿ ಇಟ್ಟುಕೊಂಡೇ ಕಲಿತುಬಿಟ್ಟರೆ ಅದನ್ನು ಬಿಡಿಸುವವರು ಯಾರು? ತಿದ್ದುಪಡಿಯೂ ಹೊರಟುಹೋಗಿದೆ.

ಆದರೆ ಪತ್ರದಲ್ಲಿ ಹಾಕಬಹುದು. ಪ್ರತಿ ಸಲ ಮೂರು ಸಾಲು ಬರೆಯುತ್ತೇನೆ. ಎರಡು ಸರಿ, ಒಂದು ತಪ್ಪು. ಯಾವುದೆಂದು ನಿಮಗೂ ಹೇಳುವುದಿಲ್ಲ. ನಿಮ್ಮ ಮುಖ ನೋಡಿ ಅಣ್ಣನವರು ಕಂಡುಹಿಡಿಯಬಾರದಲ್ಲ. ಒಂದೇ ಷರತ್ತು: ಅವರು ಏನೆಂದರೋ ಅದನ್ನು ಹಾಗೆಯೇ ನನಗೆ ಬರೆಯಬೇಕು. ಬೇಕೆಂದು ತಪ್ಪು ಬರೆಯುವುದು ಎಷ್ಟು ಕಷ್ಟ ಗೊತ್ತೇ! ಮಧ್ಯಾಹ್ನವೆಲ್ಲ ಪೆನ್ನು ಮುಂದಕ್ಕೇ ಹೋಗಲಿಲ್ಲ.

1. ಜಿರಾಫೆಯ ಉದ್ದ ಕುತ್ತಿಗೆಯಲ್ಲೂ ಮನುಷ್ಯನ ಕುತ್ತಿಗೆಯಷ್ಟೇ, ಏಳು ಮೂಳೆಗಳಿವೆ.
2. ಒಂಟೆ ತನ್ನ ಡುಬ್ಬದಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ.
3. ಆಕ್ಟೋಪಸ್‌ಗೆ ಮೂರು ಹೃದಯ. ಅದರ ರಕ್ತ ನೀಲಿ.

ಒಂಬತ್ತು ಪದ


ಮಾರ್ಚ್ 1

ಒಂಬತ್ತು ಪದದವರಿಗೆ,

ಮೊದಲು ಒಂದು ಮಾತು. ನನ್ನ ವಯಸ್ಸು ಕೇಳದೆ ಅಕ್ಕ ಎನ್ನಬೇಡಿ. ನನಗೆ ಐವತ್ತಾರು. ಲೆಕ್ಕ ಹಾಕಿ ಆಮೇಲೆ ಕರೆಯಿರಿ.

ಜಿರಾಫೆ ಓದಿದೆ, ಸುಮ್ಮನಿದ್ದ. ಒಂಟೆ ಓದಿದ್ದೇ ತಡ, “ಕೊಬ್ಬು! ಕೊಬ್ಬು!” ಎಂದು ಕಿರುಚಿದ. ಮಹಡಿಯ ಮೇಲಿನವರು ಅಣ್ಣ ನನ್ನನ್ನು ಬೈಯುತ್ತಿದ್ದಾನೆಂದು ಓಡಿ ಬಂದರು. “ಒಂಟೆ ಡುಬ್ಬದಲ್ಲಿರೋದು ನೀರಲ್ಲ, ಕೊಬ್ಬಂತೆ” ಎಂದು ನಾನು ಹೇಳಿದಾಗ, ಮನೆಯಲ್ಲಿ ಇಬ್ಬರಿಗೂ ತಲೆ ಕೆಟ್ಟಿದೆ ಎಂಬ ಮುಖ ಮಾಡಿಕೊಂಡು ಹೋದರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ಆರು ತಿಂಗಳ ಮೇಲೆ ಮನೆಯಲ್ಲಿ ಯಾರೋ ಜೋರಾಗಿ ಮಾತಾಡಿದ್ದರು.

ಮೂರು ಹೃದಯದ ಪ್ರಾಣಿಗೆ ಏನೂ ಅನ್ನಲಿಲ್ಲ. ಹಾಗಾದರೆ ಅದು ನಿಜವೇ? ಒಂದನ್ನು ಇಟ್ಟುಕೊಂಡೇ ನಮಗೆ ಸಾಕುಸಾಕಾಗಿದೆ. ಬೇಗ ಬರೆಯಿರಿ.

ಇಸ್ತ್ರಿಯವಳು


ಮಾರ್ಚ್ 15

ಇಸ್ತ್ರಿಯವರೇ,

ನನಗೆ ಐವತ್ತೆಂಟು. ಆದ್ದರಿಂದ ಅಕ್ಕ ಎಂಬುದನ್ನು ಹಿಂತೆಗೆದುಕೊಂಡಿದ್ದೇನೆ. ಮೂರು ಹೃದಯ ನಿಜ. ಅಣ್ಣನವರ ಮೌನ ನನಗೀಗ ಸರ್ಟಿಫಿಕೇಟ್ ಇದ್ದ ಹಾಗೆ. ಅವರು ಸುಮ್ಮನಿದ್ದ ಸಾಲನ್ನು ನಿಶ್ಚಿಂತೆಯಿಂದ ಅಚ್ಚಿಗೆ ಕಳಿಸುತ್ತೇನೆ.

1. ಕತ್ತಲಲ್ಲಿ ಸಕ್ಕರೆ ಹರಳು ಒಡೆದರೆ ಕ್ಷಣಕಾಲ ಮಂದ ಬೆಳಕು ಹೊಮ್ಮುತ್ತದೆ.
2. ಗೋಲ್ಡ್‌ಫಿಶ್ ಮೀನಿನ ನೆನಪು ಮೂರೇ ಸೆಕೆಂಡು.
3. ಕಾಟನ್ ಕ್ಯಾಂಡಿ ಯಂತ್ರ ಕಂಡುಹಿಡಿದವರಲ್ಲಿ ಒಬ್ಬ ಹಲ್ಲಿನ ಡಾಕ್ಟರು.

ಒಂಬತ್ತು ಪದ


ಏಪ್ರಿಲ್ 4

ಒಂಬತ್ತು ಪದದವರಿಗೆ,

ಮೀನಿನ ಸಾಲು ಓದಿದಾಗ ಅಣ್ಣ ಬಹಳ ಹೊತ್ತು ಬಾಯಿ ಅಲುಗಿಸಿದ. ಆಮೇಲೆ, “ಮೀನು ಮರೆಯಲ್ಲ. ತಿಂಗಳಾದ್ರೂ ಮರೆಯಲ್ಲ” ಅಂದ. ಪೂರಾ ಎರಡು ವಾಕ್ಯ! ಅವನ ಕಣ್ಣಲ್ಲಿ ನೀರಿತ್ತು. ಮೀನಿನ ವಿಷಯಕ್ಕೇ ಹೇಳಿದನೋ ತನ್ನ ವಿಷಯಕ್ಕೋ, ನಾನು ಕೇಳಲಿಲ್ಲ.

ಸಕ್ಕರೆಯ ಸಾಲಿಗೆ ಅವನು ಸುಮ್ಮನಿದ್ದ. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಲಾಂಡ್ರಿಯ ಕಂಬಳಿ ಕಪಾಟಿನೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಕಣ್ಣು ಕತ್ತಲೆಗೆ ಹೊಂದುವವರೆಗೂ ನಿಂತು, ಇಕ್ಕಳದಲ್ಲಿ ಸಕ್ಕರೆ ಗಟ್ಟಿ ಒಡೆದೆ. ಕಂಡಿತು! ಸಣ್ಣ ನೀಲಿ ಮಿಣುಕು. ಹೊರಗೆ ಬಂದಾಗ ಯಜಮಾನ, “ಕಪಾಟಲ್ಲಿ ಏನಮ್ಮ ಮಾಡ್ತಿದ್ದೆ?” ಅಂದ. “ವಿಜ್ಞಾನ” ಅಂದೆ.

ಈಗ ನನ್ನದೊಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆ? ಊರಿಗೆಲ್ಲ ವಿಷಯ ಹೇಳುತ್ತೀರಿ, ನಿಮ್ಮ ವಿಷಯ ಒಂದು ಸಾಲೂ ಇಲ್ಲ.

ಇಸ್ತ್ರಿಯವಳು


ಏಪ್ರಿಲ್ 20

ಇಸ್ತ್ರಿಯವರೇ,

ನನ್ನ ವಿಷಯ ಹೇಳುವಂಥದ್ದೇನಿಲ್ಲ. ಮನೆ ತುಂಬ ಜನ. ತಂಗಿ, ಅವಳ ಗಂಡ, ಮಕ್ಕಳು. ಸಂಜೆ ಹೋದರೆ ಗಲಾಟೆಯೋ ಗಲಾಟೆ, ಕೂತು ಓದಲು ಮೂಲೆ ಸಿಗುವುದಿಲ್ಲ. ನಾನು ಸುಖವಾಗಿದ್ದೇನೆ.

1. ಬೇರಿಂಗ್ ಜಲಸಂಧಿಯ ಎರಡು ದ್ವೀಪ: ನಡುವೆ ನಾಲ್ಕೇ ಕಿಲೋಮೀಟರ್, ಒಂದು ದಿನ.
2. ಹಿಮಕರಡಿ ಹಸಿದಾಗ ಪೆಂಗ್ವಿನ್‌ಗಳನ್ನು ಬೇಟೆಯಾಡುತ್ತದೆ.
3. ಆನೆ ಎಷ್ಟೇ ಪ್ರಯತ್ನಿಸಿದರೂ ನೆಗೆಯಲಾರದು.

ಮೊದಲನೆಯದರ ಅರ್ಥ ಒಂಬತ್ತು ಪದಕ್ಕೆ ಬಗ್ಗುತ್ತಿಲ್ಲ, ಬಿಡಿಸಿ ಹೇಳುತ್ತೇನೆ. ದಿನಾಂಕ ಬದಲಾಗುವ ರೇಖೆ ಆ ಎರಡು ದ್ವೀಪಗಳ ನಡುವೆ ಹಾದುಹೋಗಿದೆ. ಒಂದರಲ್ಲಿ ಭಾನುವಾರವಾದರೆ ಎದುರಿನದರಲ್ಲಿ ಇನ್ನೂ ಶನಿವಾರ. ಈ ದಡದಲ್ಲಿ ನಿಂತವನಿಗೆ ಆ ದಡ ಕಣ್ಣಿಗೆ ಕಾಣುತ್ತದೆ, ಅಷ್ಟೆ. ಇದರಲ್ಲಿ ತಪ್ಪೇನಾದರೂ ಇದ್ದರೆ ಅಣ್ಣನವರು ಹೇಳಲಿ.

ಒಂಬತ್ತು ಪದ


ಮೇ 25

ಇಸ್ತ್ರಿಯವರೇ,

ಪತ್ರವಿಲ್ಲ. ಅಂಚೆಯಲ್ಲಿ ಕಳೆದುಹೋಗಿರಬಹುದೆಂದು ಅದೇ ಮೂರು ಸಾಲುಗಳನ್ನು ಈ ಹಾಳೆಯ ಹಿಂದೆ ಮತ್ತೆ ಬರೆದಿದ್ದೇನೆ.

ಒಂಬತ್ತು ಪದ


ಜೂನ್ 15

ಇಸ್ತ್ರಿಯವರೇ,

ನನ್ನ ಪತ್ರಗಳ ನಕಲು ತೆಗೆದು ಓದಿ ನೋಡಿದೆ. ಅಣ್ಣನವರ ಮೌನವನ್ನು ಸರ್ಟಿಫಿಕೇಟ್ ಎಂದು ತಮಾಷೆ ಮಾಡಿದ್ದೆ. ಅದು ನಿಮ್ಮ ಮನಸ್ಸಿಗೆ ನಾಟಿರಬೇಕು. ಕಾಯಿಲೆಯವರ ಮನೆಗೆ ಹಾಗೆ ಬರೆಯಬಾರದಿತ್ತು. ಒಬ್ಬನೇ ಕೂತು ಬರೆಯುವವನಿಗೆ ಎದುರಿನವರ ಮುಖ ಕಾಣುವುದಿಲ್ಲ. ತಪ್ಪಾಯಿತು.

ಇಲ್ಲಿ ಎಲ್ಲ ಎಂದಿನಂತೆ. ಈ ವಾರ 702ನೆಯ ಕಾಗದ ಅಚ್ಚಿಗೆ ಹೋಯಿತು. ಎರಡು ಸಾಲು ಬರೆದು ಹಾಕಿ, ಬೈದರೂ ಸರಿ.

ಒಂಬತ್ತು ಪದ


ಜುಲೈ 4

ಒಂಬತ್ತು ಪದದವರಿಗೆ,

ಬೇಸರವೇನೂ ಇಲ್ಲ. ಕೆಲಸ ಹೆಚ್ಚಿತ್ತು. ಹೋಟೆಲೊಂದರ ಪರದೆ, ಹಾಸಿಗೆ ಹೊದಿಕೆ ಎಲ್ಲ ಒಮ್ಮೆಗೇ ಬಂದುಬಿಟ್ಟವು.

ಅಣ್ಣ ಇದ್ದ ಹಾಗೆಯೇ ಇದ್ದಾನೆ. ಪೆಂಗ್ವಿನ್ ತಪ್ಪು ಅಂದ. ಹಿಮಕರಡಿ ಉತ್ತರದ ತುದಿಯಲ್ಲಿ, ಪೆಂಗ್ವಿನ್ ದಕ್ಷಿಣದಲ್ಲಿ. ಒಂದನ್ನೊಂದು ಕಂಡೇ ಇಲ್ಲವಂತೆ. ಬರೆಯುತ್ತಿರಿ.

ಇಸ್ತ್ರಿಯವಳು


ಜುಲೈ 18

ಇಸ್ತ್ರಿಯವರೇ,

ನಿಮ್ಮ ಪತ್ರ ಬಂದಾಗ ನಾನು ರಟ್ಟಿನ ಪೆಟ್ಟಿಗೆಗಳ ನಡುವೆ ಇದ್ದೆ. ಅಲ್ಲೇ ಒಂದರ ಮೇಲೆ ಕೂತು ಓದಿದೆ. ಅಣ್ಣನವರು ಚೆನ್ನಾಗಿದ್ದಾರೆಂದು ಹಾಲ್‌ನಲ್ಲಿ ಎಲ್ಲರಿಗೂ ಹೇಳಿದೆ. ಈ ಸಲ ಅವರು “ಕೊಬ್ಬು” ಎಂದ ಹಾಗೆ, “ಮೀನು ಮರೆಯಲ್ಲ” ಎಂದ ಹಾಗೆ, ಏನಂದರೋ ಅದೇ ಮಾತಿನಲ್ಲಿ ಬರೆಯಿರಿ. ಕಳೆದ ಪತ್ರದಲ್ಲಿ ಅದಿರಲಿಲ್ಲ.

1. ಹಿಮಕರಡಿಯ ಬಿಳಿ ಕೂದಲಿನ ಕೆಳಗಿನ ಚರ್ಮ ಕಪ್ಪು.
2. ಜಗತ್ತಿನಲ್ಲೇ ಅತ್ಯಂತ ಎತ್ತರದ ಜಲಪಾತ ನಯಾಗರಾ.
3. ಬೆಕ್ಕಿಗೆ ಸಿಹಿಯ ರುಚಿ ಗೊತ್ತಾಗುವುದೇ ಇಲ್ಲ.

ಒಂಬತ್ತು ಪದ


ಆಗಸ್ಟ್ 1

ಒಂಬತ್ತು ಪದದವರಿಗೆ,

ಮೂರನೆಯದು ತಪ್ಪು. ಓದಿದ ಕೂಡಲೇ ಅಣ್ಣ, “ಬೆಕ್ಕಿಗೆ ಸಿಹಿ ಗೊತ್ತು” ಅಂದ. ಮಹಡಿಯ ಮೇಲಿನವರ ಬೆಕ್ಕು ನಮ್ಮ ಸಕ್ಕರೆ ಹಾಕಿದ ಹಾಲನ್ನು ಬಟ್ಟಲು ಕೂಡ ಬಿಡದ ಹಾಗೆ ನೆಕ್ಕುತ್ತದೆ. ಈ ಸಲ ಸುಲಭದ್ದು ಕೊಟ್ಟಿರಿ.

ಇಸ್ತ್ರಿಯವಳು


ಆಗಸ್ಟ್ 13

ಇಸ್ತ್ರಿಯವರೇ,

ಅಣ್ಣನವರು ಹೇಳಿದ್ದು ಸರಿ. ಮೂರನೆಯದೇ ತಪ್ಪು.

ನಿಮ್ಮ ಊಟ ತಿಂಡಿ ಸರಿಯಾಗಿ ನಡೆಯುತ್ತಿದೆಯೇ? ಸಂಜೆ ಮನೆಗೆ ಬಂದ ಮೇಲೆ ಏನು ಮಾಡುತ್ತೀರಿ? ಮಹಡಿಯ ಮೇಲಿನವರ ಜೊತೆ ಮಾತುಕತೆ ಇದೆಯೇ? ಈ ಸಲ ಸಾಲುಗಳು ಹೊಳೆಯಲಿಲ್ಲ. ಸಾಲುಗಳಿಲ್ಲದಿದ್ದರೂ ಉತ್ತರ ಬರೆಯಬಹುದಲ್ಲ?

ಒಂಬತ್ತು ಪದ


ಸೆಪ್ಟೆಂಬರ್ 3

ಒಂಬತ್ತು ಪದದವರಿಗೆ,

ನಿಮ್ಮ ಪತ್ರ ನನಗೆ ಸರಿ ಕಾಣಲಿಲ್ಲ. ಸಾಲು ಬರೆಯದ ನೀವು, ನನ್ನ ಊಟ ವಿಚಾರಿಸುವ ನೀವು! ಅಣ್ಣನ ಪುಸ್ತಕಗಳ ಪೆಟ್ಟಿಗೆ ತೆರೆದೆ. ಮೇ ತಿಂಗಳಿಂದ ಅದನ್ನು ಮುಟ್ಟಿರಲಿಲ್ಲ. ಜಲಪಾತದ ಪುಟದಲ್ಲಿ ಅವನದೇ ಕೈಬರಹ: ನಯಾಗರಾ ಸುಮಾರು ಐವತ್ತು ಮೀಟರ್, ಏಂಜಲ್ ಜಲಪಾತ ಸಾವಿರಕ್ಕೆ ಸ್ವಲ್ಪ ಕಡಿಮೆ. ಬೆಕ್ಕಿನ ವಿಷಯ ಗ್ರಂಥಾಲಯಕ್ಕೆ ಹೋಗಿ ನೋಡಿದೆ. ಅದಕ್ಕೆ ಸಿಹಿ ನಿಜವಾಗಿಯೂ ಗೊತ್ತಾಗುವುದಿಲ್ಲ. ಹಾಲಿನ ಆಸೆಗೆ ನೆಕ್ಕುತ್ತದೆ ಅಷ್ಟೆ.

ಅಂದರೆ ನಾನು ಹೇಳಿದ ತಪ್ಪಿಗೆ ನೀವು ಸರಿ ಎಂದು ಗುರುತು ಹಾಕಿದಿರಿ. ಒಂದು ಪದ ಬಿಟ್ಟುಹೋಯಿತೆಂದು ತಿದ್ದುಪಡಿ ಅಚ್ಚು ಹಾಕಿಸಿದ ಮನುಷ್ಯ ನೀವು. ನಿಮಗೆ ತಿಳಿದುಹೋಗಿದೆ ಎಂದು ಆಗಲೇ ಅರ್ಥವಾಯಿತು. ಕುರ್ಚಿಯ ಮೇಲೆ ಕೂತು ತುಂಬ ಹೊತ್ತು ಅತ್ತೆ. ಅವನು ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಅಣ್ಣ ಹೋಗಿದ್ದು ಮೇ ಮೂರರಂದು, ಬೆಳಿಗ್ಗೆ, ನಾನು ಅವನ ಮುಖ ಒರೆಸುತ್ತಿದ್ದಾಗ. ನಿಮಗೆ ಬರೆಯಲು ಹತ್ತು ಸಲ ಕೂತೆ. ಅಣ್ಣನಿಲ್ಲ ಎಂದು ಬರೆದರೆ ನೀವು ಎರಡು ಸಾಲು ಸಂತಾಪ ಕಳಿಸುತ್ತೀರಿ. ಆಮೇಲೆ ನನಗೆ ಯಾರು ಯಾಕೆ ಪತ್ರ ಬರೆಯಬೇಕು? ಮೂರು ಸಾಲು ಬರುತ್ತಿದ್ದದ್ದು ಅವನಿಗಾಗಿ, ನನಗಲ್ಲ. ಅದಕ್ಕೇ ಅವನನ್ನು ಕಾಗದದ ಮೇಲೆ ಬದುಕಿಸಿಟ್ಟೆ. ಮನೆಗೆ ಬಂದರೆ ಚಪ್ಪಲಿ ಬಿಡುವ ಸದ್ದು ಒಂದೇ. ಆಮೇಲೆ ನಾನು ಕೆಮ್ಮಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನೀವೂ ಏನೂ ಕಡಿಮೆಯಿಲ್ಲ. ಜೂನ್ ತಿಂಗಳಿಂದ ಜೇಬುಗಳಲ್ಲಿ ಸಿಗುವ ನಿಮ್ಮ ಕಾಗದಗಳ ಒಳಮೈ ಬೋಳು. ಒಂದಕ್ಷರವಿಲ್ಲ. ಆದರೂ ನೀವು 702 ಅಚ್ಚಿಗೆ ಹೋಯಿತು ಅಂದಿರಿ. ನಾನು ಬರೆದ ದೂರಿನಿಂದಲೇ ನಿಮ್ಮ ಕೆಲಸ ಹೋಯಿತೇನೋ ಎಂದು ಹೆದರಿ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ನಿಮ್ಮ ಏಪ್ರಿಲ್ ಪತ್ರವನ್ನು ಅಣ್ಣನಿಗೆ ಓದಿದ್ದೆ. ಯಾವತ್ತೂ ಮೂರು ಸಾಲು ಮಾತ್ರ ಓದುತ್ತಿದ್ದೆ. ಆ ದಿನ ಮೇಲಿನದನ್ನೂ ಓದಿದೆ, ನಿಮ್ಮ ತಂಗಿ, ಅವಳ ಮಕ್ಕಳು, ಗಲಾಟೆ. ‘ನಾನು ಸುಖವಾಗಿದ್ದೇನೆ’ ಎಂಬಲ್ಲಿಗೆ ಬಂದಾಗ ಅಣ್ಣ ಎಡಗೈ ಎತ್ತಿದ. “ತಪ್ಪು” ಅಂದ. ನಾನು, “ಇನ್ನೂ ಸಾಲು ಶುರುವಾಗಿಲ್ಲ ಕಣೋ, ಇದು ಬರೀ ಪತ್ರ” ಅಂದೆ. “ತಪ್ಪು” ಎಂದು ಮತ್ತೆ ಅಂದ. ಪೆಂಗ್ವಿನ್ ಓದುವಷ್ಟರಲ್ಲಿ ನಿದ್ದೆ ಹೋಗಿದ್ದ. ಆಮೇಲೆ ಅವನು ಮಾತಾಡಲಿಲ್ಲ.

ಅಣ್ಣ ಏನೆಂದನೋ ಹಾಗೆಯೇ ಬರೆಯಬೇಕೆಂಬುದು ನಿಮ್ಮ ಷರತ್ತು. ತಡವಾಗಿ ಬರೆದಿದ್ದೇನೆ. ಅವನ ಮಾತು ಸರಿಯೋ ತಪ್ಪೋ, ನೀವೇ ಹೇಳಬೇಕು.

ಇಸ್ತ್ರಿಯವಳು


ಸೆಪ್ಟೆಂಬರ್ 14

ಇಸ್ತ್ರಿಯವರೇ,

ನಿಮ್ಮ ದೂರಿನಿಂದಲ್ಲ. ಹೊಸ ಸುತ್ತುವ ಯಂತ್ರ ಬಂತು, ಅದಕ್ಕೆ ಅಚ್ಚಿಲ್ಲದ ಕಾಗದವೇ ಬೇಕಂತೆ. ಮೇ ಒಂದರಿಂದ ನಾನು ರಟ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದೇನೆ. ಸಾಲು ಬರೆಯುವವನಲ್ಲ ಎಂದು ಗೊತ್ತಾದರೆ ನೀವು ಬರೆಯುವುದು ನಿಲ್ಲುತ್ತದೆಂದು ಮುಚ್ಚಿಟ್ಟೆ. ಇಬ್ಬರೂ ಒಂದೇ ಭಯಕ್ಕೆ ಒಂದೇ ಕೆಲಸ ಮಾಡಿದ್ದೇವೆ.

ಬೆಕ್ಕಿನ ಉತ್ತರ ನೋಡಿದಾಗಲೇ ತಿಳಿಯಿತು. ಭೂಗೋಳದ ಮೇಷ್ಟ್ರು ನಯಾಗರಾವನ್ನು ಸುಮ್ಮನೆ ಬಿಡುವವರಲ್ಲ. ಮೇ ತಿಂಗಳಲ್ಲಿ ನಾನು ಅವರಿಗಾಗಿ ಮತ್ತೆ ಪೆಂಗ್ವಿನ್ ಸಾಲು ನಕಲು ಮಾಡಿ ಕಳಿಸಿದಾಗ ಅವರು ಹೋಗಿ ಮೂರು ವಾರ ಕಳೆದಿತ್ತು ಎಂದು ಎಣಿಸಿಕೊಂಡೆ. ಆ ಪತ್ರ ತೆರೆದಾಗ ನಿಮಗೆ ಹೇಗಾಗಿರಬೇಕು! ಅವರ ಮುಖ ನಾನು ಕಂಡವನಲ್ಲ, ದನಿ ಕೇಳಿದವನಲ್ಲ. ಆದರೂ ಆ ದಿನ ಎರಡು ಪೆಟ್ಟಿಗೆಗಳಿಗೆ ಚೀಟಿಯನ್ನು ಓರೆಯಾಗಿ ಅಂಟಿಸಿದೆ.

ನನ್ನ ತಂಗಿ ಮದುವೆಯಾಗಿ ಹೋಗಿ ಇಪ್ಪತ್ತಾರು ವರ್ಷ. ಪತ್ರವಿಲ್ಲ. ಮಕ್ಕಳು ಎಷ್ಟೆಂದು ನನಗೆ ಗೊತ್ತಿಲ್ಲ, ಊಹಿಸಿ ಬರೆದಿದ್ದೆ.

ಹತ್ತೊಂಬತ್ತು ವರ್ಷಗಳಲ್ಲಿ ನನ್ನಿಂದ ಎರಡು ತಪ್ಪು ಹೊರಗೆ ಹೋದವು. ಎರಡನ್ನೂ ಹಿಡಿದವರು ನಿಮ್ಮ ಅಣ್ಣನವರೇ. ಮೊದಲನೆಯದಕ್ಕೆ ಆಗಲೇ ತಿದ್ದುಪಡಿ ಹೊರಡಿಸಿದ್ದೆ. ಎರಡನೆಯದಕ್ಕೆ ಈಗ ಹೊರಡಿಸುತ್ತಿದ್ದೇನೆ. ಅಚ್ಚಿಲ್ಲ, ಕೈಬರಹ; ಹಳೆಯ ಅಳತೆಯ ಮಿಠಾಯಿ ಕಾಗದವೊಂದು ಮೇಜಿನ ಖಾನೆಯಲ್ಲಿ ಉಳಿದಿತ್ತು, ಅದರ ಒಳಮೈಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ.

ತಿದ್ದುಪಡಿ: ಅಣ್ಣನವರು ಹೇಳಿದ್ದು ಸರಿ. ಮನೆಯಲ್ಲಿ ನಾನೊಬ್ಬನೇ. ಮುಂದಿನ ಪತ್ರ ಬೇಗ ಬರೆಯಿರಿ.